ತಿಜೋರಿಗೆ ಕಿವಿ ಇಟ್ಟವನು

ಮಾರ್ಚ್ ೧೧, ಬುಧವಾರ

ತಿಜೋರಿಗೆ ಕಿವಿ ಇಟ್ಟರೆ ಬೀಗ ತೆರೆಯುತ್ತದಂತೆ! ನನ್ನನ್ನು ನಗಿಸಬೇಕೆಂದು ಭಾಮೈದ ಇವತ್ತು ನಮ್ಮಿಬ್ಬರನ್ನೂ ಸಿನಿಮಾಕ್ಕೆ ಎಳೆದುಕೊಂಡು ಹೋಗಿದ್ದ. ಕೆಲಸ ಕಳೆದುಕೊಂಡ ಗುಮಾಸ್ತ ಮಾಲೀಕನ ಮನೆಗೆ ಕನ್ನ ಹಾಕುವ ಕಥೆ. ಅವನು ಮುಗ್ಗರಿಸಿದಾಗಲೆಲ್ಲ ಜನ ಬಿದ್ದೂ ಬಿದ್ದೂ ನಕ್ಕರು. ನನ್ನ ಹೆಂಡತಿಯೂ ನಕ್ಕಳು. ಆರು ತಿಂಗಳಿಂದ ಮನೆಯಲ್ಲೇ ಅಂಥವನೊಬ್ಬನನ್ನು ನೋಡುತ್ತಿದ್ದಾಳೆ. ಒಂದು ದಿನವೂ ನಕ್ಕಿರಲಿಲ್ಲ.

ತಿಜೋರಿ ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಬೀಗ ಕೂರಿಸಿದವನು ನಾನು. ಸುಮ್ಮನಿರಲಾಗಲಿಲ್ಲ.

"ಕಿವಿಗೆ ಏನೂ ಕೇಳ್ಸಲ್ಲ ಕಣೇ. ಬೀಗದ ನಂಬರ್ ಡಯಲ್ ತಿರುಗಿಸ್ವಾಗ ಬೆರಳಿಗೆ ಗೊತ್ತಾಗ್ಬೇಕು" ಎಂದೆ. ದಾರಿಯುದ್ದಕ್ಕೂ, ಊಟಕ್ಕೆ ಕೂತಾಗಲೂ ಅದನ್ನೇ ಕೊರೆದೆ. ಕಸದ ಹಾಗೆ ಗುಡಿಸಿ ಹೊರಗೆ ಹಾಕಿದ ಮೇಲೂ ಕೆಲಸದ ಜಂಬ ಮಾತ್ರ ಹೋಗಿಲ್ಲ.

ಭಾಮೈದ ಹೊರಟ ಮೇಲೆ ಅವಳು ಚಿಲಕ ಹಾಕಿ ಬಂದು ನನ್ನೆದುರು ಕೂತಳು.

"ನಿಮ್ಮ ಮಾಲೀಕರ ಮನೇಲಿರೋ ತಿಜೋರಿಗೂ ಬೀಗ ಕೂರಿಸಿದ್ದು ನೀವೇ ಅಲ್ವಾ?"

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ.

ಈಗ ಮುಸುಕೆಳೆದು ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತದೆ. ಪೆನ್ನು ಹಿಡಿಯದ ನನ್ನ ಕೈ ಆಗಿನಿಂದ ಮೇಜಿನ ಮೇಲೆ ಏನನ್ನೋ ತಿರುಗಿಸುತ್ತಿದೆ. ಎಡಕ್ಕೆ ಮೂರು ಸುತ್ತು, ಬಲಕ್ಕೆ…