ಎರಡೂವರೆ ಗಂಟೆಯ ದಾರಿ

ಜೋಧಪುರ
2 ಜುಲೈ 2025

ಪ್ರೀತಿಯ ಅಪ್ಪಾ,

ನಾನು ಮನೆಗೆ ಬರುತ್ತಿದ್ದೇನೆ, ಉಳಿದ ಆಷಾಢ ಪೂರ್ತಿ ಇರಲಿಕ್ಕೆ! ಖುಷಿಗೆ ಅಕ್ಷರವೇ ನೆಟ್ಟಗೆ ಬರುತ್ತಿಲ್ಲ. ಹೇಗಿದ್ದೀರಾ? ಮಂಡಿ ನೋವು ಕಡಿಮೆಯಾಯಿತಾ? ಮದುವೆಯಾಗಿ ಎರಡು ತಿಂಗಳಾದರೂ ಒಂದು ಕಾಗದವನ್ನೂ ಬರೆಯಲಿಲ್ಲ, ಕ್ಷಮಿಸಿ. ಫೋನ್ ಮಾಡುತ್ತಲೇ ಇದ್ದೆ, ನೀವು ಎತ್ತಲಿಲ್ಲ. ನನ್ನದು ಇಂಗ್ಲಿಷ್ ಮೀಡಿಯಂ ಕನ್ನಡ, ಒತ್ತಕ್ಷರ ತಪ್ಪಿದ್ದರೆ ಬೈಯಿರಿ. ಬೈದರೂ ಮಾತಾಡಿದ ಹಾಗಾಗುತ್ತದೆ.

ಸಿದ್ದೇಶ್ ಎಷ್ಟು ಒಳ್ಳೆಯವರು ಗೊತ್ತಾ! ಬ್ಯಾಂಕಿಗೆ ಹೊರಡುವ ಮೊದಲು ನನಗೆ ಕಾಫಿ ಅವರೇ ಮಾಡುತ್ತಾರೆ. ಸಕ್ಕರೆ ಮಾತ್ರ ಪಾಯಸದಷ್ಟು. ಅತ್ತೆಯೂ ಒಳ್ಳೆಯವರೇ, ಆದರೆ ತುಮಕೂರಿನಿಂದ ಆಷಾಢವನ್ನೂ ಕಟ್ಟಿಕೊಂಡು ಬಂದಿದ್ದಾರೆ. ಈ ತಿಂಗಳು ಅತ್ತೆ, ಹೊಸ ಸೊಸೆ ಒಂದೇ ಹೊಸಿಲು ದಾಟಬಾರದಲ್ಲ? ನಾನಿನ್ನೂ ಇಲ್ಲೇ ಇರುವುದರಿಂದ ಅವರು ಹಿತ್ತಿಲ ಬಾಗಿಲಿನಿಂದ ಓಡಾಡುತ್ತಿದ್ದಾರೆ. ಪಕ್ಕದ ಮನೆಯವರು ನಮಗೆ ಜಗಳವಾಗಿದೆ ಎಂದುಕೊಂಡು ಇಬ್ಬರಿಗೂ ಬೇರೆ ಬೇರೆಯಾಗಿ ಬುದ್ಧಿ ಹೇಳಿ ಹೋದರು!

"ನಿಮ್ಮಪ್ಪ ಯಾವಾಗಮ್ಮ ಕರ್ಕೊಂಡ್ ಹೋಗಕ್ಕೆ ಬರೋದು?" ಎಂದು ಅತ್ತೆ ದಿನಾ ಕೇಳುತ್ತಾರೆ. ಫ್ಲೈಟ್ ಟಿಕೆಟ್ ಸಿಗುತ್ತಿಲ್ಲ ಎಂದೆ. "ಅಯ್ಯೋ, ಎರಡೂವರೆ ಗಂಟೆ ದಾರಿ ಅಂತ ನೀನೇ ಅಂತಿದ್ಯಲ್ಲ," ಎಂದರು.

ಹೌದು, ನಾನೇ ಅನ್ನುತ್ತಿದ್ದೆ. ನೀವು ನೋಡಿದ್ದ ಚಂದ್ರಾ ಲೇಔಟಿನ ಹುಡುಗ ಬೇಡ, ಸಿದ್ದೇಶ್ ಬೇಕು ಎಂದು ಹಟ ಹಿಡಿದ ದಿನ ನಿಮ್ಮ ಮುಂದೆ ಫೋನ್ ಹಿಡಿದು ತೋರಿಸಿದ್ದೆ: ಬೆಂಗಳೂರಿನಿಂದ ಜೋಧಪುರ, ನೇರ ವಿಮಾನ, ಎರಡೂವರೆ ಗಂಟೆ. ನೀವು ಫೋನಿನ ಕಡೆ ನೋಡಲೇ ಇಲ್ಲ. "ಕೆಂಗೇರಿಯಿಂದ ಏರ್‌ಪೋರ್ಟ್‌ಗೇ ಅಷ್ಟೊತ್ತಾಗುತ್ತೆ ಕಣೇ! ಸ್ಕೂಟರ್ ಹತ್ತಿ ಬಂದು ನಿನ್ ಮುಖ ನೋಡ್ಕೊಂಡು ಹೋಗೋಷ್ಟು ಹತ್ತಿರ ಇರ್ಬೇಕು," ಎಂದಿರಿ. ನಾನು ನಕ್ಕುಬಿಟ್ಟೆ. ಆಮೇಲೆ ನೀವು ನನ್ನೊಡನೆ ಒಂದು ಮಾತೂ ಆಡಲಿಲ್ಲ, ಧಾರೆ ಎರೆದು ಕೊಡುವಾಗಲೂ.

ಇಲ್ಲಿ ಸಂಜೆ ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ತಾರಸಿಗೆ ಓಡುತ್ತೇನೆ. ಸ್ಕೂಟರ್ ಸದ್ದಾದರೆ ಬಾಗಿಲಿಗೆ ಓಡುತ್ತೇನೆ. ಹುಚ್ಚಿ ಅಲ್ಲವಾ?

ಅದಕ್ಕೇ ಈ ಸಲ ರೈಲಿಗೆ ಟಿಕೆಟ್ ಮಾಡಿಸಿದ್ದೇನೆ. ನಿಮಗೆ ದೇವನಹಳ್ಳಿ ಏರ್‌ಪೋರ್ಟ್ ದೂರ, ಮೆಜೆಸ್ಟಿಕ್ ಸ್ಟೇಷನ್ ಹತ್ತಿರ. ಮೆಟ್ರೋ ಹತ್ತಿ ಕೂತರೆ ಬಂದೇ ಬಿಡುತ್ತದೆ. ನಿಮಗೂ ಅಮ್ಮನಿಗೂ ನಮಸ್ಕಾರ. ನನ್ನ ಪಾಲಿನ ಆಶೀರ್ವಾದ ಹಾಗೇ ಇಟ್ಟಿರಿ, ಬಂದು ತೆಗೆದುಕೊಳ್ಳುತ್ತೇನೆ.

ನಿಮ್ಮ ಮಗಳು,
ಕವನಾ

ವಿ.ಸೂ.: ನಿನ್ನೆ ಅಮ್ಮ ಫೋನಿನಲ್ಲಿ ಪಿಸುಗುಟ್ಟಿದಳು, "ಈಗ್ಲೇ ಬರ್ಬೇಡ್ವೇ. ನೀನ್ ಒಳಗ್ ಬಂದ್ರೆ ನಾನ್ ಹೊರಗ್ ಹೋಗ್ತೀನಿ ಅಂತಿದಾರೆ ನಿಮ್ಮಪ್ಪ." ಅತ್ತೆಗೆ ಇದು ಗೊತ್ತಿಲ್ಲ, ನೀವೇ ಕರೆದಿದ್ದೀರಿ ಎಂದು ಹೇಳಿದ್ದೇನೆ. ಅಪ್ಪಾ, ವಿಮಾನಕ್ಕೆ ಎರಡೂವರೆ ಗಂಟೆ ಸಾಕು, ಅಷ್ಟರಲ್ಲಿ ನಿಮ್ಮ ಸಿಟ್ಟು ಇಳಿಯುವುದಿಲ್ಲ. ರೈಲಿಗೆ ಹತ್ತಿರ ಹತ್ತಿರ ಎರಡು ದಿನ ಬೇಕು. ಅಷ್ಟು ಹೊತ್ತೂ ನಾನು ಬರುತ್ತಲೇ ಇರುತ್ತೇನೆ. ಸೋಮವಾರ, ಜುಲೈ ಹದಿನಾಲ್ಕು, ಮೆಜೆಸ್ಟಿಕ್‌ಗೆ ಬರುವ ಜೋಧಪುರ ಎಕ್ಸ್‌ಪ್ರೆಸ್.