ಪೆಸಿಯಾ ತೋರಾ ತಡೆದ ಸಬ್ಬತ್

ವೊಲ್ಹೀನಿಯಾ,
ಆದಾರ್ ತಿಂಗಳ ಕೊನೆಯ ವಾರ, ಲೋಕ ಸೃಷ್ಟಿಯಾದ 5614ನೇ ವರ್ಷ

ಪ್ರೀತಿಯ ತಂಗಿ ತೋಯ್ಬೆ, ನೂರಿಪ್ಪತ್ತು ವರ್ಷ ಬಾಳು.

ಕಾಗದ ತಡವಾಯಿತು, ಬಯ್ಯಬೇಡ. ಮಸಿ ಹೆಪ್ಪುಗಟ್ಟಿತ್ತು ಅಂತ ಸುಳ್ಳು ಹೇಳಬಹುದಿತ್ತು. ಬರೆಯಲು ಮನಸ್ಸೇ ಬರಲಿಲ್ಲ. ನೀನು ಕಳಿಸಿದ ಶಾಲು ಬೆಚ್ಚಗಿದೆ. ಮೇಕೆ ಮರಿ ಹಾಕಿದೆ. ಬಿಸಿ ಹಾಲು, ಜೇನು ಕುಡಿಸಿ ಕುಡಿಸಿ ನಿನ್ನ ಭಾವನ ಗಂಟಲು ಸರಿಹೋಯಿತು.

ನಮ್ಮೂರ ಯಜಮಾನ ಶಾಖ್ನೆ ಗೊತ್ತಲ್ಲ? ಮೊಟ್ಟೆಯಲ್ಲಿ ರಕ್ತದ ಚುಕ್ಕೆ ಕಂಡರೆ ತಿನ್ನಬಹುದೋ ಬಾರದೋ ಅಂತ ಕೇಳಲು ರಬ್ಬಿಯ ಮನೆಗೆ ಓಡುವ ಪುಣ್ಯಾತ್ಮ. ಬಡವರ ಮಕ್ಕಳ ರಕ್ತಕ್ಕೆ ಮಾತ್ರ ಅವನಲ್ಲಿ ಮಡಿಮೈಲಿಗೆ ಇಲ್ಲ. ಈ ಸಲವೂ ಚಕ್ರವರ್ತಿಯ ಸೈನ್ಯಕ್ಕೆ ನಮ್ಮೂರು ಹುಡುಗರನ್ನು ಕೊಡಬೇಕಿತ್ತು. ಶಾಖ್ನೆಗೆ ಮೊಮ್ಮಕ್ಕಳು ಒಂದು ಹಿಂಡು. ಆದರೆ ಅವನ ಬಂಟರು ಹಿಡಿದದ್ದು ಬಾತುಕೋಳಿ ಗರಿ ಕೀಳುವ ವಿಧವೆ ಪೆಸಿಯಾಳ ಲೇಮೆಲ್‌ನನ್ನು. ಎಂಟು ವರ್ಷದವನು, ಒಬ್ಬನೇ ಮಗ. ಒಬ್ಬನೇ ಮಗನನ್ನು ಹಿಡಿಯಬೇಡಿ ಅಂತ ಚಕ್ರವರ್ತಿಯ ಕಾನೂನೇ ಹೇಳುತ್ತದೆ. ನಮ್ಮೂರ ಯಜಮಾನ ಚಕ್ರವರ್ತಿಗಿಂತ ಒಂದು ಕೈ ಮೇಲು! ಹುಡುಗನನ್ನು ಕೋಣೆಯಲ್ಲಿ ಕೂಡಿಹಾಕಿ, ಭಾನುವಾರಕ್ಕೆ ಗಾಡಿ ಹೇಳಿದ್ದ. ಹೋದ ಮಕ್ಕಳು ಶಿಲುಬೆ ಕಟ್ಟಿಕೊಂಡು ಬರುತ್ತವೆ, ಇಲ್ಲ ಬರುವುದೇ ಇಲ್ಲ.

ಶನಿವಾರ, ಸಬ್ಬತ್ ದಿನ, ಪ್ರಾರ್ಥನಾ ಮಂದಿರದಲ್ಲಿ ಪೆಸಿಯಾ ಹೆಂಗಸರ ಪರದೆ ಸರಿಸಿ, ಗಂಡಸರ ನಡುವೆ ನಡೆದು, ಧರ್ಮಗ್ರಂಥ ತೋರಾದ ಸುರುಳಿ ಬಿಚ್ಚಿದ್ದ ಮೇಜಿನ ಮೇಲೆ ಕೈ ಇಟ್ಟಳು. ಅನ್ಯಾಯಕ್ಕೆ ಸಿಕ್ಕವರು ಹಾಗೆ ತಡೆದರೆ, ಅವರ ದೂರು ತೀರುವ ತನಕ ಓದು ಮುಂದೆ ಹೋಗಬಾರದು. ಅಜ್ಜಂದಿರ ಕಾಲದ ಪದ್ಧತಿ. ಬಡವರಿಗೆ ಉಳಿದಿದ್ದು ಅದೊಂದೇ.

"ನನ್ ಮಗನ್ನ ಬಿಡಿ. ಆಮೇಲೆ ಓದ್ಕೊಳ್ಳಿ," ಅಂದಳು.

"ಮೈತುಂಬಾ ಗರಿ ನೋಡ್ರೋ! ಬಾತುಕೋಳಿ ಬಂದು ತೋರಾ ತಡೀತಿದೆ," ಅಂದ ಶಾಖ್ನೆ. ಮುಂದಿನ ಸಾಲಿನ ಗಡ್ಡಗಳೆಲ್ಲ ಕುಣಿದವು.

"ಬಾತುಕೋಳೀನೇ ಆಗಿದ್ರೆ ಕೊಬ್ಬು ನೋಡಿ ಹಿಡೀತಿದ್ರಿ, ರೆಬ್ ಶಾಖ್ನೆ. ಕೊಬ್ಬಿರೋವು ನಿಮ್ಮನೇಲೇ ಇದಾವಲ್ಲ!"

ಪರದೆಯ ಹಿಂದೆ ನಾವೆಲ್ಲ ಗೊಳ್ಳೆಂದೆವು. ನಾನಂತೂ "ಓದು ನಿಲ್ಲಿಸ್ರಿ!" ಅಂತ ಕೂಗಿಯೇಬಿಟ್ಟೆ. ಓದು ಇನ್ನೊಂದು ಗಳಿಗೆ ನಿಂತಿದ್ದರೆ ಸಾಕಿತ್ತು, ಹಿಂದಿನ ಸಾಲಿನ ದರ್ಜಿಗಳು, ಗಾಡಿಯವರು ಆಗಲೇ ಎದ್ದು ನಿಂತಿದ್ದರು.

ಶಾಖ್ನೆ ಮೇಜು ಗುದ್ದಿದ. "ಓದಯ್ಯಾ!"

ಓದುವವನು ಪೆಸಿಯಾಳ ಕೈ ನೋಡಿದ, ಶಾಖ್ನೆಯ ಮುಖ ನೋಡಿದ. ಆಮೇಲೆ ಓದಿದ. ರಾಗ ಒಂದಿಷ್ಟೂ ತಪ್ಪಲಿಲ್ಲ. ಆ ವಾರದ ಪಾಠ ಯಾವುದು ಗೊತ್ತೇ? "ವಿಧವೆಯನ್ನೂ ತಂದೆಯಿಲ್ಲದ ಮಗುವನ್ನೂ ನೋಯಿಸಬೇಡಿ." ಶಾಖ್ನೆ ಕಣ್ಣು ಮುಚ್ಚಿ ತೂಗಾಡುತ್ತ ಕೇಳಿದ. ಎದ್ದವರು ಒಬ್ಬೊಬ್ಬರಾಗಿ ಕೂತರು.

ಭಾನುವಾರ ಗಾಡಿ ಹೋಯಿತು. ಮಗನ ಟೋಪಿ ಹಿಡಿದು ಪೆಸಿಯಾ ಹಿಮದಲ್ಲಿ ಓಡಿದಳು. ಟೋಪಿ ಅವಳ ಕೈಯಲ್ಲೇ ಉಳಿಯಿತು. ಮುಂದಿನ ಸಬ್ಬತ್ತಿಗೆ ಶಾಖ್ನೆ ಅವಳಿಗೊಂದು ಮೀನು ಕಳಿಸಿದ, ಧರ್ಮಾತ್ಮ! ಅವಳು ಬೆಕ್ಕಿಗೆ ಹಾಕಿದಳು. ಬೆಕ್ಕೂ ಮೂಸಿ ಹೋಯಿತು.

ನಿನ್ನ ಗಂಡುಮಕ್ಕಳು ಕುಳ್ಳರಾಗಿ, ಮೆಳ್ಳಗಣ್ಣರಾಗಿ, ಯಾವ ಸೈನ್ಯಕ್ಕೂ ಬೇಡವಾಗಿ, ನಿನ್ನ ಒಲೆಯ ಪಕ್ಕದಲ್ಲೇ ಮುದುಕರಾಗಲಿ.

ನಿನ್ನ ಅಕ್ಕ,
ಹೋಡಲ್

ತಾ.ಕ.: ಓದಿದವನು ಯಾರು ಅಂತ ಕೇಳುತ್ತೀಯ. ನಿನ್ನ ಭಾವ. ನಾನು ಹಾಲು, ಜೇನು ಕುಡಿಸಿ ಸರಿಮಾಡಿದ ಗಂಟಲು. "ಯಜಮಾನ್ರು ಹೇಳಿದ್ಮೇಲೆ ನಾನೇನು ಮಾಡ್ಲಿ ಕಣೇ?" ಅನ್ನುತ್ತಾನೆ. ಈಗಲೂ ಶುಕ್ರವಾರ ಸಂಜೆ ದ್ರಾಕ್ಷಾರಸದ ಬಟ್ಟಲು ಎತ್ತಿ ಸ್ತುತಿ ಹೇಳುತ್ತಾನೆ, ಹೇಳಿ ನನ್ನ ಮುಖ ನೋಡುತ್ತಾ ಕಾಯುತ್ತಾನೆ. ನಾನು ಆಮೆನ್ ಅನ್ನುವುದಿಲ್ಲ.