ಎಡಗಾಲಿಯ ಅಚ್ಚು

೧೮೫೬ ಸೆಪ್ಟೆಂಬರ್ ೧೧, ಗುರುವಾರ. ಅಮೆರಿಕ, ಪ್ಲ್ಯಾಟ್ ನದಿಯ ದಡ.

ಇವತ್ತೂ ದಿನವಿಡೀ ಅಚ್ಚಿನ ಕಿರುಚಾಟ. ನಾನು ಎಳೆಯುವುದು ಹಸಿ ಮರದಲ್ಲಿ ಮಾಡಿದ ಕೈಗಾಡಿ, ಅಚ್ಚು ಮರಳು ಸಿಕ್ಕಿ ಸವೆಯುತ್ತಿದೆ. ಕೀಲೆಣ್ಣೆ ಮುಗಿದು ವಾರವಾಯಿತು. ಎದುರಿಗೆ ಸಿಕ್ಕ ಬಂಡಿಯವರು, "ಮಾರ್ಮನ್‌ರಿಗೆ ಹೆಂಗಸರೇ ಎತ್ತು ನೋಡ್ರೋ!" ಎಂದು ನಕ್ಕರು. ನಗಲಿ. ಗಾಡಿ ಮುರಿದರೆ ಅದರಲ್ಲಿ ಜ್ವರದಿಂದ ಮಲಗಿರುವ ನನ್ನ ಗಂಡ ಜೇಬೆಜ್ ನಮ್ಮ ಪಂಥದ ಪುಣ್ಯಭೂಮಿ ಚೀಯೋನ್ ಸೇರುವುದು ಹೇಗೆ?

ಐದು ದಿನದ ಮೇಲೆ ಇವತ್ತು ಸಂಜೆ ಉಪ್ಪು ಹಾಕಿದ ಕೊಬ್ಬಿನ ಹಂದಿಮಾಂಸ ಹಂಚಿದರು, ತಲೆಗೆ ಎರಡು ಬೆರಳಗಲದ ಒಂದು ತುಂಡು. ಗಂಡನದನ್ನು ಗಂಜಿಗೆ ಹಾಕಿದೆ, ಅತ್ತೆಯದನ್ನು ಅವರ ಕೈಗೆ ಕೊಟ್ಟೆ, ನನ್ನದನ್ನು ಅಚ್ಚಿಗೆ ಉಜ್ಜಿದೆ.

"ಹೊಟ್ಟೆಗಿಲ್ಲ, ಗಾಡಿಗೆ ಔತಣ! ಊರಲ್ಲಿ ಬಟ್ಟೆ ಗಿರಣೀಲಿ ಯಂತ್ರಕ್ಕೆ ಎಣ್ಣೆ ಬಿಟ್ಟೂ ಬಿಟ್ಟೂ ನಿಂಗೆ ತಲೆ ಕೆಟ್ಟಿದೆ ಕಣೇ," ಎಂದರು ಅತ್ತೆ.

"ಗಾಡಿ ನಿಂತ್ರೆ ನಿಮ್ಮ ಮಗನ್ನ ನೀವು ಹೊತ್ಕೊಂಡ್ ಬರ್ತೀರಾ?"

ಹಾಗೆ ಹೇಳಬಾರದಿತ್ತು. ಬಾಯಿಂದ ಬಂದುಬಿಟ್ಟಿತು.

ಕೊಬ್ಬು ಬಲಗಾಲಿಗಷ್ಟೇ ಸಾಕಾಯಿತು. ಎಡಗಾಲಿಗೆ ಏನು ಮಾಡಲಿ ಎಂದುಕೊಳ್ಳುತ್ತಲೇ ನೀರು ತರಲು ಹೋದೆ. ಬಂದು ನೋಡಿದರೆ ಎಡಗಾಲಿಯ ಅಚ್ಚೂ ಮಿರಮಿರ ಮಿಂಚುತ್ತಿದೆ. ಅತ್ತೆ ಆ ಕಡೆ ಮುಖ ತಿರುಗಿಸಿ ಕೂತಿದ್ದರು.

"ಮಾಂಸ ತಿಂದ್ರಾ, ಅತ್ತೆ?"

"ಹೂಂ, ಬರೀ ಉಪ್ಪು. ನೀನು ನಾಳೆ ನೆಟ್ಟಗೆ ಎಳಿ, ಅಷ್ಟು ಸಾಕು."

ಪ್ರಾರ್ಥನೆಗೆ ಕೂತಾಗ ನೋಡಿದೆ. ಅವರ ಬೆರಳಿಗೆಲ್ಲ ಜಿಡ್ಡು, ತುಟಿ ಮಾತ್ರ ಒಣಗಿ ಬಿರಿದಿತ್ತು.

ನಾಳೆ ಹದಿನೈದು ಮೈಲಿಯಂತೆ. ಎಳೆಯುತ್ತೇನೆ.